ಅರ್ಧಕ್ಕೆ ನಿಲ್ಲಿಸಿದ ಮಾತು

"ಹೊಟ್ಟೆ ನೋಯ್ತಿದೆ," ಎಂದಳು ಹೆಂಡತಿ. ಉಸಿರಾಟದ ಕೊಳವೆಯನ್ನು ಗಂಟಲಿನಿಂದ ಆಗಷ್ಟೇ ತೆಗೆದಿದ್ದರು, ದನಿ ಒಡೆದಿತ್ತು. "ಮೇಲ್ಹೊಟ್ಟೆ. ಬೆನ್ನಿನವರೆಗೂ ಹಿಡ್ಕೊಂಡಿದೆ."

ಡ್ರಿಪ್ ಬದಲಾಯಿಸುತ್ತಿದ್ದ ನರ್ಸ್ ಅವಳತ್ತ ತಿರುಗಿ ನೋಡಲಿಲ್ಲ. "ಕೀಟನಾಶಕ ಕುಡಿದ್ರೆ ಹೊಟ್ಟೆ ನೋಯದೆ ಇರುತ್ತೇನಮ್ಮ? ಕುಡಿಯೋ ಮುಂಚೆ ಯೋಚನೆ ಮಾಡ್ಬೇಕಿತ್ತು. ಊಟ ನಿದ್ದೆ ಬಿಟ್ಟು ಕೂತಿದಾರೆ ನೋಡಿ ನಿಮ್ಮೆಜಮಾನ್ರು. ಇಂಥೋರನ್ನ ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬಂತು?"

ಗಂಡ ತಲೆ ತಗ್ಗಿಸಿದ. ನರ್ಸ್ ಅದನ್ನು ಸಂಕೋಚ ಎಂದುಕೊಂಡಳು.

ಅವನದು ಹೂಗಿಡ ಮಾರುವ ಅಂಗಡಿ. ಗುಲಾಬಿಗೆ ಹುಳ ಬಿದ್ದಿತ್ತು. ಔಷಧಿಯ ಡಬ್ಬಿ ಸೋರುತ್ತಿದೆಯೆಂದು ಉಳಿದದ್ದನ್ನು ಖಾಲಿ ಜ್ಯೂಸ್ ಬಾಟಲಿಗೆ ಸುರಿದು ಅಡುಗೆಮನೆಯ ಕಿಟಕಿಯಲ್ಲಿಟ್ಟವನು ಅವನೇ. ಬಿಸಿಲಲ್ಲಿ ಕುಂಡ ಹೊತ್ತು ಬಂದ ಹೆಂಡತಿ ಬಾಯಾರಿ ಬಾಟಲಿ ಎತ್ತಿದಳು. ವಾಸನೆ ಮೂಗಿಗೆ ಹತ್ತುವಷ್ಟರಲ್ಲಿ ಎರಡು ಗುಟುಕು ಇಳಿದಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಮನೇಲಿ ಜಗಳ ಏನಾದ್ರೂ ಆಗಿತ್ತಾ?" ಎಂದು ಕೇಳಿದರು. ಬೆಳಿಗ್ಗೆ ಮಾತಿಗೆ ಮಾತು ಬೆಳೆದಿದ್ದು ನಿಜ. "ಹ್ಞೂಂ, ಸ್ವಲ್ಪ ಆಗಿತ್ತು," ಎಂದ. ಸುಳ್ಳು ಹೇಳಲಿಲ್ಲ, ಅಷ್ಟಕ್ಕೇ ನಿಲ್ಲಿಸಿದ. ಉಳಿದ ಕಥೆಯನ್ನು ಜನ ತಾವೇ ಕಟ್ಟಿಕೊಂಡರು. ಹೆಂಡತಿಯ ಅಣ್ಣ ಓಡಿಬಂದು, "ಹೀಗೆ ಮಾಡ್ಕೊಂಡ್ಳಲ್ಲ ಭಾವ, ನಿಮಗೆ ಮುಖ ತೋರಿಸೋದು ಹೇಗೆ?" ಎಂದು ಕೈ ಹಿಡಿದು ಅತ್ತ. ಆಗಲೂ ಇವನು ಬಾಟಲಿಯ ಮಾತೆತ್ತಲಿಲ್ಲ.

ಸಂಜೆಯ ಹೊತ್ತಿಗೆ ನೋವು ಹೆಚ್ಚಿತು. ಕುಡಿಸಿದ ಹಾಲೆಲ್ಲ ವಾಂತಿಯಾಯಿತು. ಅವಳು ಮಂಡಿಯನ್ನು ಎದೆಗೊತ್ತಿ ಮುದುಡಿಕೊಂಡಳು. ಹೆರಿಗೆ ನೋವನ್ನೂ ಹಲ್ಲು ಕಚ್ಚಿ ನುಂಗಿದ ಹೆಂಗಸು ಅವಳು. 'ಇವಳು ಸುಮ್ಸುಮ್ನೆ ನರಳೋಳಲ್ಲ, ಇವಳ ಮಾತು ನಂಬಿ' ಎಂದು ನರ್ಸಿಗೆ ಹೇಳಲು ಗಂಡ ಎದ್ದ. ಬಾಗಿಲ ಬಳಿ ಕಾಲು ನಿಂತಿತು. ಹೊಟ್ಟೆನೋವಿನ ವಿಷಯದಲ್ಲಿ ಅವಳನ್ನು ನಂಬಿದವರು ನಾಳೆ ಬಾಟಲಿಯ ವಿಷಯದಲ್ಲೂ ನಂಬುತ್ತಾರೆ. ಅವನು ಹಿಂದಿರುಗಿ ಬಂದು ಕುರ್ಚಿಯಲ್ಲಿ ಕುಳಿತ.

ಬೆಳಿಗ್ಗೆ ಡಾಕ್ಟರಮ್ಮ ಹೊಟ್ಟೆ ಮುಟ್ಟಿದ್ದೇ ತಡ, ಅವಳು ಚೀರಿದಳು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡೂ ಆದವು.

"ಮೇದೋಜೀರಕ ಗ್ರಂಥಿ ಊದ್ಕೊಂಡಿದೆ. ಈ ವಿಷ ಹೊಟ್ಟೆಗೆ ಹೋದ್ರೆ ಕೆಲವರಿಗೆ ಹೀಗಾಗುತ್ತೆ," ಎಂದರು ಡಾಕ್ಟರಮ್ಮ. "ಬಾಯಿಗೆ ಏನೂ ಕೊಡ್ಬೇಡಿ, ಡ್ರಿಪ್ ಮಾತ್ರ. ಕೈ ಮೀರಿಲ್ಲ, ಸದ್ಯ. ನಿನ್ನೆಯೇ ಯಾಕೆ ಹೇಳ್ಲಿಲ್ಲ?"

ನರ್ಸಿನ ಮುಖ ಸಣ್ಣದಾಯಿತು. "ಹೇಳಿದ್ರು ಮೇಡಂ. ವಿಷ ಕುಡಿದವರು ಸ್ವಲ್ಪ ಜಾಸ್ತಿ ಆಡ್ತಾರೆ ಅಂತ ನಾನೇ..."

"ಅವಳು ಬೇಕಂತ ಕುಡೀಲಿಲ್ಲ," ಎಂದ ಗಂಡ. ಅವನ ದನಿ ಅವನಿಗೇ ಬೇರೆ ಯಾರದೋ ಎನಿಸಿತು. "ಜ್ಯೂಸ್ ಬಾಟಲಿಗೆ ಹಾಕಿಟ್ಟಿದ್ದು ನಾನು. ಅವಳಿಗೆ ಗೊತ್ತಿರ್ಲಿಲ್ಲ."

ಡಾಕ್ಟರಮ್ಮ ಅವನನ್ನೇ ಒಂದು ಗಳಿಗೆ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ಅವರಣ್ಣ ಹೊರಗಿದಾರೆ. ಅವರಿಗೂ ಹೇಳಿ," ಎಂದಷ್ಟೇ ಹೇಳಿ ಹೊರಟರು. ನರ್ಸ್ ಅವರ ಹಿಂದೆಯೇ ನಡೆದಳು.

ಅವನು ಮಂಚದ ಪಕ್ಕಕ್ಕೆ ಸರಿದ. ಹೆಂಡತಿಯ ಕೈ ಹಿಡಿಯಲು ಹೋಗಿ ಹೊದಿಕೆಯ ಅಂಚು ಹಿಡಿದುಕೊಂಡ.

"ಹೇಳ್ಬಿಟ್ಟೆ ಕಣೇ."

"ಕೇಳಿಸ್ತು." ಅವಳು ಕಣ್ಣು ತೆರೆಯಲಿಲ್ಲ. "ನಿನ್ನೆಯೇ ನಾನು ಹೇಳ್ಬಹುದಿತ್ತು. ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."