ಮಾಸ್ತರ ಬಂಡೆ

ರಾಜೀವಿ ಬಸ್ಸಿಳಿದು ಮನೆ ಹೊಕ್ಕು ಇನ್ನೂ ಕಾಲು ತೊಳೆದಿರಲಿಲ್ಲ. ಜಗುಲಿಯ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದ ಗಂಡ ನಾಗಪತಿ ಮಾಸ್ತರು ಕೇಳಿಯೇಬಿಟ್ಟರು.

"ಕಿತ್ತಳೆ ಬಣ್ಣದ್ದು ಎಷ್ಟಿತ್ತೇ?"

ಗೋಕರ್ಣದ ಪ್ರಸಾದ ಎಲ್ಲಿ ಎನ್ನಲಿಲ್ಲ, ಘಟ್ಟ ಹತ್ತುವಾಗ ತಲೆ ತಿರುಗಿತೇ ಎಂದೂ ಕೇಳಲಿಲ್ಲ. ರಾಜೀವಿ ಚೀಲ ಕೆಳಗಿಟ್ಟು, "ಕಾಲು ತೊಳ್ಕಂಬ್ಲಾದ್ರೂ ಬಿಡಿ" ಎಂದು ಒಳಗೆ ಹೋದಳು. ಹೋದವಳು ಬಚ್ಚಲಲ್ಲಿ ನಿಂತು ಸದ್ದಾಗದಂತೆ ಅತ್ತಳು.

ಮಾಸ್ತರು ಶಿರಸಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಶಿವರಾತ್ರಿಯ ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಸಮುದ್ರ ತೀರಾ ಹಿಂದಕ್ಕೆ ಸರಿಯುತ್ತದೆ. ಊರವರೆಲ್ಲ ಗೋಕರ್ಣದಲ್ಲಿ ದೇವರ ಸಾಲಿನಲ್ಲಿ ನಿಂತಿರುವಾಗ ಇವರು ಪಂಚೆ ಎತ್ತಿ ಕಟ್ಟಿ, ಇಳಿತದಲ್ಲಿ ಮಾತ್ರ ತಲೆ ತೋರಿಸುವ ಒಂದು ಬಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಸಾವಿರದ ಒಂಬೈನೂರ ಐವತ್ತಾರರಲ್ಲಿ ಅದರ ಮೇಲೆ ಉಳಿಯಿಂದ ಮೊಳದುದ್ದದ ಚೌಕ ಕೊರೆದಿದ್ದರು. ಚೌಕದೊಳಗೆ ಅಂಟಿ ಬೆಳೆಯುವ ಸ್ಪಂಜು ಎಂಬ ಮೆತ್ತನೆಯ ಕಡಲಜೀವಿಗಳು ಯಾವ ಬಣ್ಣದವು ಎಷ್ಟು ಎಂದು ನೋಡಿ ಬರೆದು ತರುವುದೇ ಏಳು ವರ್ಷದಿಂದ ಅವರ ಶಿವರಾತ್ರಿ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳುತ್ತಿದ್ದರು. ಮೊದಲ ವರ್ಷ ಕಿತ್ತಳೆಯದೇ ಕಾರುಬಾರು. ಮೂರನೆಯ ವರ್ಷ ಮೂಲೆಯಿಂದ ನೇರಳೆ ಬಂದು ಅದರ ಮೈಮೇಲೆ ಹತ್ತಿತು. ಮರಳು ಮುಚ್ಚಿದ ವರ್ಷ ಎರಡೂ ಸೊರಗಿದವು, ನಡುವೆ ಬೂದುಬಣ್ಣದ್ದೊಂದು ನುಗ್ಗಿತು. ಕಾಸಿನಗಲಕ್ಕೆ ಇಳಿದಿದ್ದ ಕಿತ್ತಳೆ ಆಮೇಲೆ ಸಾವಕಾಶ ಮತ್ತೆ ಹಬ್ಬಿತು. ರಾಜೀವಿ ಒಲೆಯ ಮುಂದೆ ಕೂತು, ನೆರೆಮನೆಯವರ ಹಿಸ್ಸೆ ಜಗಳ ಕೇಳಿದ ಹಾಗೆ ಕೇಳುತ್ತಿದ್ದಳು. "ಎಂಗೂ ಒಂದ್ಸಲ ತೋರ್ಸಿ" ಎಂದಾಗಲೆಲ್ಲ "ಬಪ್ಪ ವರ್ಷ" ಎನ್ನುತ್ತಿದ್ದರು. ಬರುವ ವರ್ಷ ಹಸು ಕರು ಹಾಕುತ್ತಿತ್ತು, ಇಲ್ಲವೇ ಅತ್ತೆ ಹಾಸಿಗೆ ಹಿಡಿಯುತ್ತಿದ್ದರು. ಈ ಸಲ ಅತ್ತೆ ಇಲ್ಲ, ಹಸುವೂ ಇಲ್ಲ. ಮಾಸ್ತರ ಎದೆಯೇ ಕೈಕೊಟ್ಟಿತು. ಘಟ್ಟ ಇಳಿಯುವ ಮಾತೇ ಬೇಡ ಎಂದರು ಡಾಕ್ಟರು. ಬಣ್ಣಗಳ ಲೆಕ್ಕ ನೋಡಿ ಬರಲು ರಾಜೀವಿಯೊಬ್ಬಳೇ ಹೋದಳು. ಅಂತೂ ಬಂಡೆ ನೋಡುವ ಅವಳ ಆಸೆ ಕೈಗೂಡಿತು, ತೋರಿಸುವವರು ಮಾತ್ರ ಜೊತೆಗಿರಲಿಲ್ಲ.

ಅವಳು ಮುಖ ತೊಳೆದು ಬಂದು ಮಂಚದ ಕಾಲಬುಡದಲ್ಲಿ ಕೂತಳು.

"ಚೌಕ ಸಿಕ್ತಾ?"

"ಸಿಕ್ತು. ನಿಂಗ ಹೇಳಿದಲ್ಲೇ ಇತ್ತು."

"ಮತ್ತೆಂತ? ಬಾಯಿ ಬಿಡೇ ಮಾರಾಯ್ತಿ."

"ಮೇಲೆಲ್ಲ ಲೋಳೆ ಲೋಳೆ ಕೆಸರು ಕೂತಿತ್ತು. ಬಣ್ಣ ಸಮಾ ಕಾಣ್ತಾ ಇತ್ತಿಲ್ಲೆ. ಆನು..." ಅವಳು ಮಂಚದ ಕಾಲನ್ನು ಉಗುರಿನಿಂದ ಕೆರೆದಳು. "ಆನು ಕಾಯಿಸಿಪ್ಪೆ ತಗಂಡು, ಮರಳು ಹಾಕಿ ತಿಕ್ದಿ. ಕೆಸರಿನ ಜೊತಿಗೆ ಬಣ್ಣನೂ ಎದ್ದು ಬಂತು. ಪೂರಾ."

ಮಳೆಗಾಲ ಮುಗಿದದ್ದೇ ತಡ ಅಂಗಳದ ಪಾಚಿ, ಬಚ್ಚಲ ಕಲ್ಲು, ತುಳಸಿಕಟ್ಟೆ ಎಲ್ಲವನ್ನೂ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ ಕೈ ಅದು. ಕಲ್ಲಿನ ಮೇಲೆ ಲೋಳೆ ಕಂಡು ಸುಮ್ಮನಿರುವ ಹೆಂಗಸು ಘಟ್ಟದ ಮೇಲೆ ಹುಟ್ಟಿಲ್ಲ. ಅದೂ ಗಂಡನ ಬಂಡೆ, ಮೊದಲ ಸಲ ಕಾಣುತ್ತಿರುವುದು, ಚೊಕ್ಕವಾಗಿರಲಿ ಎಂದು ಅವಳಿಗೆ ಅನ್ನಿಸಿತ್ತು. ಅಂಗೈಗೆ ಕಿತ್ತಳೆ ಬಣ್ಣದ ಗಸಿ ಹತ್ತಿದಾಗಲೇ ತಾನೇನು ಮಾಡಿದೆ ಎಂದು ಗೊತ್ತಾದದ್ದು.

 ಮಾಸ್ತರ ನೋಟುಬುಕ್ಕು ತೊಡೆಯ ಮೇಲೆ ತೆರೆದೇ ಇತ್ತು, ಪೆನ್ಸಿಲ್ಲನ್ನೂ ಹೆರೆದು ಇಟ್ಟುಕೊಂಡಿದ್ದರು. ಖಾಲಿ ಪುಟ ಕಂಡು ರಾಜೀವಿ ಮುಖ ತಿರುಗಿಸಿದಳು.

"ಹಿಂಗೆ ಸುಮ್ಮನೆ ಕೂರಡಿ, ಬೇಕಾದ್ರೆ ಬೈಯಿರಿ."

"ತಿಕ್ಕಿದ್ಮೇಲೆ ಕಲ್ಲು ಹೆಂಗೆ ಕಾಣ್ತಿತ್ತು?"

"ಬೆಳ್ಳಗೆ. ಒಂದು ತೆರೆ ಬಂದು ತೊಳ್ಕಂಡು ಹೋತು. ನಿಂಗ ಇದ್ದಿದ್ರೆ ಎನ್ನ ಕೈ ಹಿಡಿತಿದ್ರಿ."

ಮಾಸ್ತರು ಕಿಟಕಿಯಾಚೆ ನೋಡಿದರು. ಅಲ್ಲಿ ರಸ್ತೆ, ಸೈಕಲ್ ಅಂಗಡಿ. ಸಮುದ್ರ ಮೂವತ್ತು ನಲವತ್ತು ಮೈಲಿ ಕೆಳಗೆ. ಒಂದೇ ಒಂದು ಸಲ ಇವಳ ಜೊತೆ ಅಲ್ಲಿ ಕೂರಬೇಕಿತ್ತು ಎಂದು ಅವರಿಗೆ ಬಹಳ ಅನ್ನಿಸಿತು. ಏಳು ಶಿವರಾತ್ರಿಗಳಲ್ಲಿ ಒಂದನ್ನಾದರೂ ಇವಳಿಗೆ ಕೊಡಬಹುದಿತ್ತು.

"ಏಳು ವರ್ಷ ಯಾವ್ದು ಯಾವ್ದನ್ನ ತಳ್ತು ಹೇಳಿ ನೋಡಿದ್ದಾತು" ಎಂದರು ಕೊನೆಗೆ. "ಖಾಲಿ ಕಲ್ಲಿಗೆ ಮೊದ್ಲು ಬಪ್ಪದು ಯಾವ್ದು ಹೇಳಿ ನೋಡಿದ್ದೇ ಇಲ್ಲೆ."

ರಾಜೀವಿ ತಲೆಯೆತ್ತಿದಳು. "ಪೂರಾ ತುಂಬ್ಲೆ ಎಷ್ಟು ವರ್ಷ ಬೇಕು?"

"ಐದೋ ಆರೋ, ಯಾರಿಗೆ ಗೊತ್ತಿದ್ದು." ಎದೆಯ ಮೇಲೆ ಕೈಯಿಟ್ಟು ನಕ್ಕರು. "ಅದು ತುಂಬುದು ನೋಡ್ಕಂಡೇ ಆನು ಹೋಪದು. ಅಲ್ಲಿವರಿಗೆ ಯಮ ಬಂದ್ರೂ ಇದೇ ಜಗಲಿ ಮೇಲೆ ಕೂತು ಕಾಯವು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಂಗಾರೆ ಅದು ತುಂಬ್ತಾ ಬಂದಾಗೆಲ್ಲ ಆನು ಮತ್ತೆ ತಿಕ್ಕುದೇ."