ಬಿದ್ದವರ ಪಾಲು

ಹೂಮಾ ಪಟ್ಟಣದ ತನ್ನ ವಿಮಾ ಕಂಪನಿಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಖಾರದಲ್ಲಿ ಬೇಯಿಸಿದ ಸಿಗಡಿ ಸುರಿದುಕೊಂಡು ಆಲ್ಸೀಡ್ ನಾಕಾನ್ ಹಬ್ಬ ಮಾಡುತ್ತಿದ್ದ. ಎದುರು ಬೀದಿಯ ವಿಮಾ ಕಂಪನಿ ದಿವಾಳಿಯೆದ್ದಿತ್ತು. ಆಗಸ್ಟ್‌ನ ಚಂಡಮಾರುತ ಹಾರಿಸಿದ ಚಾವಣಿಗಳಿಗೆ ಪರಿಹಾರ ಕೊಡಲಾಗದೆ ಬೆಳಿಗ್ಗೆಯಷ್ಟೇ ಬಾಗಿಲು ಹಾಕಿತ್ತು.

"ಬಾ ವರ್ಲೀನ್, ತಿನ್ನು. ಇನ್ನು ಅವರ ಗಿರಾಕಿಗಳೆಲ್ಲ ನಮ್ಮ ಹತ್ರಾನೇ ಬರ್ಬೇಕು."

ಅವನ ತಂದೆಯ ಕಾಲದಿಂದಲೂ ಅಲ್ಲಿನ ಲೆಕ್ಕ ನೋಡುತ್ತಿದ್ದ ವರ್ಲೀನ್ ಕೂರಲಿಲ್ಲ.

"ಗಿರಾಕಿಗಳಿಗಿಂತ ಮೊದ್ಲು ಅವರ ಹೊರೆ ಬಂತು, ಮಿಸ್ಟರ್ ಆಲ್ಸೀಡ್. ಅವರು ಕೊಡ್ಬೇಕಿದ್ದ ಪರಿಹಾರಾನ ಉಳಿದ ಕಂಪನಿಗಳು ಗ್ಯಾರಂಟಿ ನಿಧಿಗೆ ತುಂಬಿ ಕೊಡ್ಬೇಕಲ್ಲ. ನಮ್ಮ ಪಾಲು ನಾಲ್ಕು ಲಕ್ಷ ಡಾಲರ್."

"ನಲವತ್ತು ಸಾವಿರ ಅನ್ನು. ಒಂದು ಸೊನ್ನೆ ಜಾಸ್ತಿ ಹಾಕಿದ್ದೀಯ."

"ನಂಗೂ ಹಾಗೇ ಅನ್ನಿಸ್ತು. ಮತ್ತೆ ಮತ್ತೆ ಹಾಕಿ ನೋಡ್ದೆ."

"ನಾವೇನು ಅಷ್ಟು ದೊಡ್ಡೋರೇನೇ?"

"ಕಾಗದದ ಮೇಲೆ ಹೌದು. ಹೋದ ವರ್ಷ ಯಾರು ಎಷ್ಟು ಕಂತು ಎತ್ತಿದ್ರೋ ಅದರ ಮೇಲೆ ಪಾಲು. ಡಿಸೆಂಬರ್ ಕೊನೇಲಿ ನೀವು ಏನ್ ಮಾಡಿದ್ರಿ, ಜ್ಞಾಪಿಸ್ಕೊಳ್ಳಿ."

ಆಲ್ಸೀಡನ ಕೈಯಲ್ಲಿದ್ದ ಸಿಗಡಿ ಅಲ್ಲೇ ನಿಂತಿತು. ವಿಮೆಯವರ ವಾರ್ಷಿಕ ಔತಣದಲ್ಲಿ 'ಅತಿ ವೇಗವಾಗಿ ಬೆಳೆದ ಕಂಪನಿ' ಎಂದು ಬೆನ್ನು ತಟ್ಟಿಸಿಕೊಳ್ಳುವ ಚಪಲ ಅವನಿಗೆ. ವರ್ಷ ಮುಗಿಯುವ ಮುನ್ನ ಸಿಕ್ಕಸಿಕ್ಕವರಿಗೆಲ್ಲ, ಬೇಡವಾದರೆ ದುಡ್ಡು ವಾಪಸ್ ಎಂದು ಪುಸಲಾಯಿಸಿ ವಿಮೆ ಮಾರಿದ್ದ. ಜನವರಿಯಲ್ಲಿ ಅರ್ಧಕ್ಕರ್ಧ ಜನ ಬಂದು ದುಡ್ಡು ಹಿಂದಕ್ಕೆ ಪಡೆದಿದ್ದರು. ಆದರೆ ಹಿಂದಿರುಗಿಸಿದ್ದು ಈ ವರ್ಷದ ಲೆಕ್ಕಕ್ಕೆ ಬಿತ್ತು. ಹೋದ ವರ್ಷದ್ದು ಊದಿಕೊಂಡೇ ಉಳಿಯಿತು.

"ಕೈಯಲ್ಲಿಲ್ಲದ ದುಡ್ಡಿಗೂ ಪಾಲು ಕಟ್ಬೇಕಾ?"

"ಕಟ್ಬೇಕು. ಕಾನೂನಿನ ಪ್ರಕಾರ ನಾವು ಮುಟ್ಟದೆ ಇಡ್ಬೇಕಾದ ಗಂಟು ಬಿಟ್ರೆ ಉಳಿದಿರೋದು ಒಂದೂವರೆ ಲಕ್ಷ. ಕಟ್ಟಿದ್ರೆ ಗಂಟು ಕರಗ್ತು ಅಂತ ಸರ್ಕಾರದೋರು ಬೀಗ ಹಾಕ್ತಾರೆ. ಕಟ್ಟದಿದ್ರೂ ಹಾಕ್ತಾರೆ."

ಎಷ್ಟೋ ಚಂಡಮಾರುತಗಳನ್ನು ತಡೆದುಕೊಂಡಿದ್ದ ಕಂಪನಿ ಅದು. ಒಬ್ಬ ಮೀನುಗಾರನ ಮನೆಗೂ ಪರಿಹಾರ ತಪ್ಪಿಸಿರಲಿಲ್ಲ. ಅದನ್ನು ಒಂದು ಔತಣದ ಚಪ್ಪಾಳೆಗೆ ಮಾರಿಕೊಂಡೆನಲ್ಲ ಎಂದುಕೊಂಡು ಆಲ್ಸೀಡ್ ಕೈಯಲ್ಲಿದ್ದ ಸಿಗಡಿಯನ್ನು ಪತ್ರಿಕೆಯ ಮೇಲೆ ಹಾಕಿದ. ಅವನು ಗೆದ್ದವನಂತೆ ನಕ್ಕು ಇನ್ನೂ ಹತ್ತು ನಿಮಿಷವಾಗಿರಲಿಲ್ಲ.

ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಅವನು ಎತ್ತಲಿಲ್ಲ. ಇಬ್ಬರಿಗೂ ಕೇಳಿಸುವಂತೆ ವರ್ಲೀನಳೇ ಸ್ಪೀಕರ್ ಒತ್ತಿ ತನ್ನ ಹೆಸರು ಹೇಳಿದಳು. ರಾಜ್ಯದ ರಾಜಧಾನಿ ಬ್ಯಾಟನ್ ರೂಜ್‌ನ ದೊಡ್ಡ ವಿಮಾ ಕಂಪನಿಯೊಂದರ ಲೆಕ್ಕಿಗ. ದನಿ ಬಹಳ ಮೆತ್ತಗಿತ್ತು.

"ಮಿಸ್ ವರ್ಲೀನ್, ತಪ್ಪು ತಿಳ್ಕೋಬೇಡಿ. ನೀವು ಈ ಸಲದ ಪಾಲು ಕಟ್ತೀರಾ, ಇಲ್ವಾ? ಕಟ್ಟದೆ ಮುಳುಗಿದ್ರೆ ನಿಮ್ಮ ಗಿರಾಕಿಗಳ ಪರಿಹಾರಾನೂ ನಾವೇ ಹಂಚ್ಕೋಬೇಕಾಗುತ್ತಲ್ಲ. ಅದಕ್ಕೆ ಈಗ್ಲೇ ನಮ್ಮ ಪಾಲಿನ ಲೆಕ್ಕ ಹಾಕಿಟ್ಕೊಳ್ತಿದ್ದೀನಿ."

ವರ್ಲೀನ್ ಆಲ್ಸೀಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಕಟ್ಟೋರಲ್ಲಿ ನಮ್ಮ ಹೆಸರು ಬಿಟ್ಟು ಲೆಕ್ಕ ಹಾಕಿ," ಎಂದಳು.