ಪಂಕ್ತಿಯ ಕೊನೆಯ ತಾಟು

ಶಾಲೆಯಲ್ಲಿ ಊಟ ಮುಗಿಸುವ ಗಂಟೆ ಬಾರಿಸಿದಾಗ ಸಪನಾಳ ತಾಟಿನಲ್ಲಿ ಅರ್ಧ ಖಿಚಡಿ ಹಾಗೇ ಉಳಿದಿತ್ತು. ಹುಟ್ಟಿನಿಂದಲೇ ಸೆಟೆದ ಅವಳ ಬೆರಳುಗಳಿಂದ ತುತ್ತು ಬಾಯಿಗೆ ಬರುವಷ್ಟರಲ್ಲಿ ಜಾರಿ ಬೀಳುತ್ತಿತ್ತು.

“ನಾಳಿಂದ ಈಕಿನ್ನ ವರಾಂಡಾದಾಗ ಬ್ಯಾರೆ ಕುಂದರಸ್ರಿ ಬಾಯಿ. ಈಕಿ ಸಲುವಾಗಿ ಎಲ್ಲರ ಪಾಠಕ್ಕ ತಡಾ ಆಗ್ಲಕತ್ತದ,” ಎಂದು ಹೆಡ್‌ಮಾಸ್ತರರು ಶಿಕ್ಷಕಿಗೆ ಹೇಳಿದರು.

ನೀಲಗಂಗಾ ಬಾಯಿಗೆ ಮೈಯೆಲ್ಲ ಉರಿಯಿತು. ಉಮರ್ಗಾದ ಜಂಗಮ ಅಯ್ಯನವರ ಮನೆಯಲ್ಲಿ ಬೆಳೆದವಳು ಆಕೆ. ಕೊನೆಯವರ ಊಟ ಮುಗಿಯದೆ ಪಂಕ್ತಿಯಿಂದ ಏಳುವುದೆಂದರೆ, ಆ ಮನೆಯಲ್ಲಿ, ಇನ್ನೂ ಉಣ್ಣುತ್ತಿರುವವರಿಗೆ ಮಾಡಿದ ಅವಮಾನ. ತನ್ನ ತಾಟು ತಂದು ಸಪನಾಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

“ಪಂಕ್ತಿ ಇನ್ನಾ ಮುಗಿದಿಲ್ರಿ ಸರ್. ಯಾರೂ ಏಳಬ್ಯಾಡ್ರೋ!”

ಎದ್ದಿದ್ದ ಮಕ್ಕಳು ಮತ್ತೆ ಕೂತರು. ಖಾಲಿ ತಾಟಿನ ಮೇಲೆ ಎಂಜಲು ಕೈ ಇಟ್ಟುಕೊಂಡು ಸಾಲಿಗೆ ಸಾಲೇ ಕಾಯತೊಡಗಿತು. ಹೆಡ್‌ಮಾಸ್ತರರು ತಾವೇ ಹೋಗಿ ಇನ್ನೊಮ್ಮೆ ಗಂಟೆ ಬಾರಿಸಿದರು. ಒಬ್ಬರೂ ಅಲುಗಲಿಲ್ಲ.

ಸಪನಾ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಅವಸರವಿಲ್ಲದೆ ಒಂದೊಂದೇ ತುತ್ತು ಉಂಡು ಮುಗಿಸಿದಳು. ಆಮೇಲೆ ಖಾಲಿ ತಾಟನ್ನು ಎರಡೂ ಕೈಯಲ್ಲಿ ಹಿಡಿದು ಹೆಡ್‌ಮಾಸ್ತರರತ್ತ ಚಾಚಿದಳು.

“ಸರ್, ಇನ್ನೊಂದೀಟು ನೀಡ್ರಿ.”